ಅತ್ತೆ ಒಪ್ಪಬೇಕಿದ್ದ ಅಪರೂಪ

ಅಪರೂಪ ಎಂಬ ಮಾತಿಗೆ ಊರವರೆಲ್ಲ ಇಟ್ಟುಕೊಂಡಿರುವ ಅರ್ಥ ನನಗೆ ಗೊತ್ತಾದದ್ದು ಮದುವೆಯಾಗಿ ಧರ್ಮಪುರಿ ಹತ್ತಿರದ ಪಾಲಕೋಡಿಗೆ ಬಂದ ಮೇಲೆ. ಬಹಳ ದಿನಗಳ ನಂತರ ಯಾರಾದರೂ ಮನೆಗೆ ಬಂದರೆ ಇಲ್ಲಿ "ಏನು, ಬಲು ಅಪ್ರೂಪ ಆಗ್ಬುಟ್ರಿ" ಅನ್ನುತ್ತಾರೆ. ಗಂಡ ಒಂದು ದಿನ ತಾನಾಗಿಯೇ ಅಂಗಡಿಯಿಂದ ಬೇಗ ಬಂದರೆ ಅಪರೂಪಕ್ಕೆ ಬಂದ ಅನ್ನುತ್ತಾರೆ. ಸೇಲಂನ ಕನ್ನಡ ನೇಕಾರರ ಬೀದಿಯ ನಮ್ಮ ತೌರುಮನೆಯಲ್ಲಿ ಹಾಗಲ್ಲ. ಅಲ್ಲಿ ಅಪರೂಪ ಅಂದರೆ ಕೈಯಲ್ಲಿ ಹಿಡಿಯುವ ಸಾಮಾನು. ಎರಡು ಬಾಲದ ಬದನೆಕಾಯಿ, ಒಕ್ಕಣ್ಣಿನ ತೆಂಗಿನಕಾಯಿ, ಚಿಪ್ಪಿಲ್ಲದೆ ಬರಿ ತೊಗಲಿನಲ್ಲಿ ಬಂದ ಕೋಳಿಮೊಟ್ಟೆ, ಇವು ಅಪರೂಪ. "ಒಂದು ಅಪ್ರೂಪ ತಂದಿವ್ನಿ" ಎಂದು ಯಾರಾದರೂ ಬಾಗಿಲಲ್ಲಿ ನಿಂತರೆ ನಮ್ಮ ಮನೆಯ ಎರಡು ಮಗ್ಗವೂ ನಿಲ್ಲುತ್ತಿದ್ದವು.

ನಿಲ್ಲಿಸುತ್ತಿದ್ದವಳು ಅತ್ತೆ. ಅಪ್ಪನ ಅಕ್ಕ, ನನ್ನ ಸೋದರತ್ತೆ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳಕೊಂಡು ತೌರಿಗೆ ಬಂದವಳು ಮತ್ತೆ ಆ ಮನೆ ಬಿಟ್ಟು ಹೋಗಲಿಲ್ಲ. ಮಗ್ಗದಲ್ಲಿ ಕೂತು ನೇಯುತ್ತಿದ್ದದ್ದು ಅಪ್ಪ ಅಮ್ಮ. ಅತ್ತೆಯದು ಎಳೆ ಹೊಸೆಯುವ ಕೆಲಸ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ನೇಯ್ದು ಮುಗಿಯಿತೆಂದು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಕೊನೆಯ ಮೊಳದಷ್ಟನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ, ಗಂಟಾದರೆ ಸಿಕ್ಕಿಕೊಳ್ಳುತ್ತದೆ. ಸಾವಿರಾರು ಎಳೆ. ಬೆಳಗಿಂದ ಸಂಜೆಯವರೆಗೂ ಒಂದೇ ತರದ ಎಳೆಯನ್ನು ಮುಟ್ಟಿ ಮುಟ್ಟಿ ಕೂರುವವಳಿಗೆ ಒಂದೇ ತರ ಅಲ್ಲದ್ದು ಏನಾದರೂ ಬೇಕು ಅನ್ನಿಸಿತೋ ಏನೋ. ಅವಳನ್ನು ಕೇಳಿದ್ದರೆ "ಚುಮ್ಮಾ ಇರೇ, ಕೆಲ್ಸ ನೋಡು" ಅಂದಿರುತ್ತಿದ್ದಳು.

ಅತ್ತೆಯ ಕಾಯಿದೆ ಎರಡು ಹಂತದ್ದು. ಮೊದಲು ಅವಳು ನೋಡಬೇಕು. ತಂದದ್ದನ್ನು ಕೈಗೆ ತಗೊಂಡು, ತಿರುಗಿಸಿ, ಹೆಬ್ಬೆರಳಲ್ಲಿ ಒತ್ತಿ, ಮೂಸಿ, ಅವಳಿಗೆ ಹಿಡಿಸದಿದ್ದರೆ ಅಲ್ಲೇ ಕೆಳಗಿಟ್ಟು "ದಿನಾ ಕಾಣೋದೇ" ಅನ್ನುವಳು. ಮುಗಿಯಿತು, ಮೇಲೆ ಮಾತಿಲ್ಲ. ಹಿಡಿಸಿದರೆ ಅದನ್ನು ಮೊರದಲ್ಲಿಟ್ಟುಕೊಂಡು ಬೀದಿಗೆ ಹೊರಡುವಳು. ನಮ್ಮ ಬೀದಿಯಲ್ಲಿ ಆಗ ಮನೆಮನೆಗೂ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರ ಮುಖದ ಮಟ್ಟಕ್ಕೆ ಮೊರ ಹಿಡಿದು "ಇಂತಾದ್ದು ಕಂಡಿದ್ದೀರಾ?" ಎಂದು ಕೇಳುವಳು. ಒಬ್ಬರೇ ಒಬ್ಬರು ಕಂಡಿದ್ದೀನಿ ಅಂದರೂ ಬಿದ್ದುಹೋಯಿತು. ಬೀದಿಯ ಕೊನೆಯವರೆಗೂ ಯಾರೂ ಕಂಡಿಲ್ಲ ಅಂದರೆ, ಮನೆಗೆ ಬಂದು, ತಂದವರ ತಲೆ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಒಂದೇ ಮಾತು ಹೇಳುವಳು: "ಅಪ್ರೂಪ."

ಆಮೇಲೆ ಅದನ್ನು ಬೇಯಿಸುವುದು. ಹೌದು, ಅದೇ ಸಂಜೆ. ಎರಡು ಬಾಲದ ಬದನೆಕಾಯಿ ಹುಳಿಗೆ ಬಿತ್ತು. ಒಕ್ಕಣ್ಣಿನ ತೆಂಗಿನಕಾಯಿಯನ್ನು ಪೂಜೆಗಿಡೋಣ ಎಂದು ಅಮ್ಮ ಅತ್ತರೂ ಬಿಡದೆ ಚಟ್ನಿಗೆ ತುರಿದಳು. ನೋಡಿದ ಮನೆಗಳಿಗೆಲ್ಲ ಒಂದೊಂದು ಚಮಚವಾದರೂ ಹೋಗಬೇಕು. ಕಲ್ಲು, ಗರಿ, ಬೇಯದಂಥ ಸಾಮಾನಾದರೆ ಒಂದೆರಡು ದಿನ ಗೂಡಿನಲ್ಲಿಟ್ಟು ಎಲ್ಲಿಂದ ಬಂತೋ ಅಲ್ಲಿಗೇ ಕಳಿಸುವಳು. ಇಟ್ಟುಕೊಳ್ಳೋಣ ಅತ್ತೆ ಎಂದು ನಾನೊಮ್ಮೆ ಗೋಗರೆದಾಗ ಅವಳು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಮಡಿಕ್ಕೊಂಡ್ರೆ ದಿನಾ ಕಾಣ್ತೈತೆ. ದಿನಾ ಕಂಡ್ರೆ ಅದೆಲ್ಲಿ ಅಪ್ರೂಪ?"

ಹೀಗಾಗಿ ನಮ್ಮ ಮನೆಯ ಅಪರೂಪಗಳನ್ನು ತೋರಿಸು ಎಂದು ಈಗ ಯಾರಾದರೂ ಕೇಳಿದರೆ ತೋರಿಸಲು ಏನೂ ಇಲ್ಲ. ಎಲ್ಲ ನಾವೇ ತಿಂದದ್ದು.

ನಾನು ಹೇಳಹೊರಟದ್ದು ಇದನ್ನಲ್ಲ. ನನ್ನ ಹೊಟ್ಟೆಕಿಚ್ಚಿನ ಮಾತು ಬೇರೆ ಇದೆ. ಆ ಮನೆಯಲ್ಲಿ ಎಲ್ಲರೂ ಅಪರೂಪ ತಂದವರೇ. ಅಪ್ಪ ತಂದಿದ್ದ, ಅಮ್ಮ ತಂದಿದ್ದಳು, ನೂಲು ತರುತ್ತಿದ್ದ ಮುದುಕ ತಂದಿದ್ದ. ನನ್ನ ಅಣ್ಣನಂತೂ ಹುಡುಕುತ್ತಲೂ ಇರಲಿಲ್ಲ. ಸುಮ್ಮನೆ ನಡೆದು ಬರುವವನ ಕೈಗೆ ಹಗ್ಗದ ಹಾಗೆ ತಾನೇ ಗಂಟು ಹಾಕಿಕೊಂಡ ಹೀರೇಕಾಯಿ ಸಿಗುತ್ತಿತ್ತು. ತೊಗಲಿನ ಮೊಟ್ಟೆಯೂ ಅವನದೇ. ಅತ್ತೆ ಅವನ ತಲೆ ಮೇಲೆ ಕೈಯಿಟ್ಟಾಗ ಅವನು ನನ್ನ ಕಡೆ ನೋಡುವ ನೋಟ ಒಂದಿತ್ತು. ಅಜ್ಜನಾಗಿದ್ದಾನೆ, ಆ ನೋಟ ಇನ್ನೂ ಹೋಗಿಲ್ಲ.

ನಾನು ತಂದದ್ದು ಒಂದೂ ಗೆಲ್ಲಲಿಲ್ಲ. ಜೋಡಿ ಬಾಳೆಹಣ್ಣು ತಂದೆ. "ಇದ ತಿಂದ್ರೆ ಅವಳಿ ಜವಳಿ ಉಟ್ತವೆ ಅಂತ ಎದರ್ಕೊಂಡು ಜನ ಬುಡ್ತಾರೆ, ಅದ್ಕೇ ನಿಂಗೆ ಸಿಕ್ಕೈತೆ. ಗೊನೆಗೊಂದು ಇರ್ತೈತೆ ಓಗು," ಅಂದಳು. ಬಿಳಿ ಕಾಗೆಯ ಗರಿ ತಂದೆ. ಒಂದು ಸಲ ಮೂಸಿ "ಪಾರಿವಾಳ" ಅಂದಳು. ಅದು ಹೇಗೆ ದಿನಾ ಕಾಣೋದಾಗುತ್ತೆ ಎಂದು ನಾನು ವಾದಕ್ಕೆ ನಿಂತರೆ "ಎತ್ತೋರಿಗೆ ಎಗ್ಗಣ ಮುದ್ದು" ಎಂದು ಅಮ್ಮನ ಕಡೆ ನೋಡಿ ನಗುವಳು. ಒಂದೇ ಒಂದು ಸಲ ನನ್ನದು ಮೊರ ಹತ್ತಿತು. ಬಳೆಯ ಹಾಗೆ ದುಂಡಗೆ ಸುತ್ತಿಕೊಂಡ ನುಗ್ಗೇಕಾಯಿ. ಅತ್ತೆಯ ಹಿಂದೆಯೇ ಲಂಗ ಎತ್ತಿ ಹಿಡಿದು ಓಡಿದೆ. ಒಬ್ಬರೂ ಕಂಡಿರಲಿಲ್ಲ. ಕೊನೆಯ ಮನೆಯ ತಾತ, ಅಷ್ಟು ಹೊತ್ತು ಲಾಳಿ ಹಿಡಿದು ಯೋಚಿಸಿ, "ನಂಗವಳ್ಳಿಯಾಗೆ ನಮ್ಮ ಮಾವನ ಇತ್ತಿಲಾಗೆ ಇಂತಾದ್ದೇ ಒಂದು ಕಂಡಂಗೈತೆ" ಅಂದ. ಕಂಡಂಗೈತೆ ಅಂದರೆ ಕಂಡ ಹಾಗಲ್ಲ ಎಂದು ನಾನು ಅತ್ತು ಕರೆದು ಮಾಡಿದೆ. ಅತ್ತೆ ಮೊರವನ್ನು ಮನೆ ಕಡೆ ತಿರುಗಿಸಿಯೇ ಬಿಟ್ಟಿದ್ದಳು. ಆ ತಾತ ಸತ್ತಾಗ ಬೀದಿಯೆಲ್ಲ ಅತ್ತಿತು. ನನಗೆ ನುಗ್ಗೇಕಾಯಿ ನೆನಪಾಯಿತು.

ನಗಬೇಡಿ. ತಲೆ ಮೇಲೆ ಆ ಕೈ ಬೀಳಬೇಕು, ಆ ಒಂದು ಮಾತು ನನಗಾಗಿ ಆಡಿಸಬೇಕು ಎಂಬುದು ಹುಡುಗಿಯ ಹಟವಾಗಿ ಶುರುವಾದದ್ದು ನನ್ನ ಜೊತೆಯೇ ಬೆಳೆಯಿತು. ಹಾಳಾದ್ದು ಹೋಗಲೇ ಇಲ್ಲ.

ಪಾಲಕೋಡಿಗೆ ಕೊಟ್ಟಾಗ, ಇಷ್ಟು ತರಕಾರಿ ಇರುವ ಊರಿಗೆ ಕೊಟ್ಟಿದ್ದಾರೆ, ಇನ್ನು ಗೆದ್ದೆ ಅಂದುಕೊಂಡೆ. ಇಲ್ಲಿನ ಮಂಡಿಯಲ್ಲಿ ತಕ್ಕಾಳಿ ರಾಶಿ ಬಿದ್ದಿರುತ್ತದೆ. ನೀವು ಟೊಮೆಟೊ ಅನ್ನುವುದನ್ನು ನಾವು ಕನ್ನಡದಲ್ಲೂ ತಮಿಳಿನಲ್ಲೂ ತಕ್ಕಾಳಿ ಅಂತಲೇ ಅನ್ನುವುದು. ಮೂಗು ಬಂದ ತಕ್ಕಾಳಿ, ಮೂರು ಕಾಲಿನ ಮೂಲಂಗಿ, ಕೈಬೆರಳಿನಂತೆ ಕವಲೊಡೆದ ಕ್ಯಾರೆಟ್ಟು. ತೌರಿಗೆ ಹೋಗುವಾಗೆಲ್ಲ ಸಿಹಿ ಮರೆತರೂ ಇದನ್ನು ಮರೆಯುತ್ತಿರಲಿಲ್ಲ. "ಬೇರೆ ಎಂಡ್ತೀರು ತೌರಿಗೆ ಓಗಕ್ಕೆ ಸೀರೆ ಉಡುಕ್ತಾರೆ, ನೀನು ಸೊಟ್ಟ ಮೂಲಂಗಿ ಉಡುಕ್ತೀಯ," ಎಂದು ನನ್ನ ಗಂಡ ಬಟ್ಟೆ ಅಂಗಡಿಯ ಗಿರಾಕಿಗಳ ಎದುರೇ ಆಡಿಕೊಂಡರು. ಅತ್ತೆ ಮಾತ್ರ ಪ್ರತಿ ಸಲವೂ ತಗೊಂಡು, ತಿರುಗಿಸಿ, ಒತ್ತಿ, ಮೂಸಿ, ಕೆಳಗಿಟ್ಟಳು. "ಪಾಲಕೋಡಾಗೆ ಇದೆಲ್ಲ ದಿನಾ ಕಾಣೋದೇ ಕಣೇ." ನನ್ನ ಊರಿನ ಬಗ್ಗೆ ಅವಳಿಗೆ ನನಗಿಂತ ಹೆಚ್ಚು ಗೊತ್ತಿದ್ದ ಹಾಗೆ. ಬಂದ ಸಿಟ್ಟಿಗೆ ಮುಂದಿನ ಸಲ ಇನ್ನೂ ಸೊಟ್ಟದ್ದನ್ನು ಹುಡುಕುತ್ತಿದ್ದೆ.

ನನ್ನ ಮಗಳಿಗೆ ಈ ಆಟ ಹಿಡಿಸಲಿಲ್ಲ. ಅವಳು ಅಪರೂಪ ಎಂಬ ಮಾತನ್ನೇ ಆಡುವುದಿಲ್ಲ, ತಮಿಳಿನಲ್ಲಿ ಅದಿಸಯಂ ಅನ್ನುತ್ತಾಳೆ, ಫೋನಿನಲ್ಲಿ ಒಂದು ಫೋಟೋ ಹೊಡೆಯುತ್ತಾಳೆ, ನಾಲ್ಕು ಜನಕ್ಕೆ ಕಳಿಸುತ್ತಾಳೆ, ಮರೆಯುತ್ತಾಳೆ. ತಪ್ಪೇನಿಲ್ಲ. ಅತ್ತೆಯೂ ಇಟ್ಟುಕೊಳ್ಳುತ್ತಿರಲಿಲ್ಲವಲ್ಲ.

ನಡುವೆ ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಕೆಲವರು ಪವರ್‌ಲೂಮಿಗೆ ಹೋದರು, ನನ್ನ ಅಣ್ಣನ ಹಾಗೆ ಹಲವರು ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟಡಿಗೆ ಹೋದರು. ಹಗಲು ಹೊತ್ತು ಬಾಗಿಲುಗಳು ಮುಚ್ಚಿರತೊಡಗಿದವು. ಮೊರ ಹಿಡಿದು ಹೋದರೂ ಕೇಳಲು ಯಾರೂ ಇಲ್ಲ. ಅತ್ತೆ ಒಬ್ಬಳೇ ಕೂತು ತೀರ್ಪು ಕೊಡುತ್ತಿದ್ದಳು. ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಶನ್ ಆಯಿತು, ನೋವು ಹೋಯಿತು, ನಡಿಗೆ ಬರಲಿಲ್ಲ. ಮಗ್ಗದ ಕೋಣೆಯ ಕುಣಿ ಮುಚ್ಚಿ ಟೈಲ್ಸ್ ಹಾಕಿದ್ದರು. ಅಲ್ಲೇ ಅವಳ ಮಂಚ ಬಿತ್ತು. ಅಮ್ಮ ಅಪ್ಪ ಆಗಲೇ ಹೋಗಿದ್ದರು. ಅತ್ತಿಗೆಯನ್ನು ದೂರುವಂತಿಲ್ಲ. ಹೊತ್ತು ಹೊತ್ತಿಗೆ ಊಟ, ಮಡಿ ಬಟ್ಟೆ, ಬೆನ್ನಿಗೆ ಪೌಡರು. ಎತ್ತಿ ಕೂರಿಸಿ, ಎತ್ತಿ ಮಲಗಿಸಿ, ಹೆತ್ತ ಮಗಳೂ ಅಷ್ಟು ಮಾಡಲಾರಳು. ನಾನು ಹೋಗುವುದು ಕಡಿಮೆಯಾಯಿತು. ಗಂಡನಿಗೆ ಸಕ್ಕರೆ ಕಾಯಿಲೆ, ಅಂಗಡಿ ನನ್ನ ತಲೆ ಮೇಲೆ. ದೀಪಾವಳಿಗೆ, ಪೊಂಗಲ್‌ಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದೆ. ಕೈಯಲ್ಲಿ ಬರೀ ಸ್ವೀಟ್ ಡಬ್ಬ.

ಹಾಗಿರುವಾಗ ಮೊನ್ನೆ ಬೇಸಿಗೆಯಲ್ಲಿ, ನಮ್ಮ ಬಾಗಿಲಿಗೆ ತರಕಾರಿ ತರುವ ಹೆಂಗಸು, ಹಳ್ಳಿಯ ನಮ್ಮ ಕನ್ನಡದವಳೇ, ಕುಕ್ಕೆಯಿಂದ ಒಂದು ತಕ್ಕಾಳಿಯನ್ನು ಎತ್ತಿ ಚರಂಡಿ ಕಡೆ ಎಸೆಯಲು ಕೈ ಬೀಸಿದಳು. ನನಗೆ ಅದರ ಮೈಮೇಲೆ ಏನೋ ಹಸಿರು ಕಂಡಿತು. ತಡೆದು ಇಸಕೊಂಡೆ. ತಕ್ಕಾಳಿ ಕೆಂಪಗೆ ಪೂರಾ ಹಣ್ಣಾಗಿತ್ತು. ಅದರ ಸಿಪ್ಪೆಯನ್ನು ಒಳಗಿನಿಂದಲೇ ತೂತು ಮಾಡಿಕೊಂಡು, ಎಳೆ ಹಸಿರಿನ ಸಣ್ಣ ಸಣ್ಣ ಮೊಳಕೆಗಳು ಹೊರಗೆ ಬಂದಿದ್ದವು. ಒಂದೊಂದರ ತಲೆಯಲ್ಲೂ ಎರಡೆರಡು ಎಲೆ. ಗಿಡದಲ್ಲಿ ಹಣ್ಣಾಗುವುದು ಗೊತ್ತು. ಹಣ್ಣಿನ ಒಳಗೇ ಗಿಡವಾದದ್ದನ್ನು ನಾನಂತೂ ಕಂಡಿರಲಿಲ್ಲ.

"ಕೆಟ್ಟೋಗೈತೆ ಅಕ್ಕ, ಬುಡು," ಅಂದಳು ಅವಳು.

"ನೀನು ಇಂತಾದ್ದು ಕಂಡಿದ್ದೀಯಾ?" ಎಂದು ಕೇಳಿದೆ. ನನ್ನ ಗಂಟಲಿಂದ ಬಂದದ್ದು ಅತ್ತೆಯ ಧ್ವನಿ.

"ನಾನ್ ಕಂಡಿಲ್ಲಪ್ಪ," ಅಂದಳು.

ಅಷ್ಟು ಸಾಕಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಈ ವಯಸ್ಸಿನಲ್ಲಿ, ಒಂದು ತಕ್ಕಾಳಿಗೆ. ಅತ್ತಿಗೆಗೆ ಫೋನು ಮಾಡಿದೆ. "ಪೋಟೋ ಕಳ್ಸಿ, ಈಗ್ಲೇ ತೋರಿಸ್ತೀನಿ," ಅಂದಳು ಅವಳು. ಹಿಂದಿನಿಂದ ಅತ್ತೆಯ ಸಣ್ಣ ದನಿ ಕೇಳಿಸಿತು. "ಪೋಟೋ ಬ್ಯಾಡ. ಕೈಗೆ ಕೊಡ್ಲಿ." ಗಂಡನಿಗೆ ಅಂಗಡಿ ನೋಡಿಕೊಳ್ಳಿ ಅಂದೆ. ಅವರು ಏನೋ ಆಡಿಕೊಳ್ಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಗಲ್ಲಾದ ಮುಂದೆ ಹೋಗಿ ಕೂತರು.

ಒಂದು ಸ್ಟೀಲ್ ಡಬ್ಬಿಯ ತಳಕ್ಕೆ ನೂಲಿನ ಚೂರುಗಳನ್ನು ಮೆತ್ತಗೆ ಹಾಸಿದೆ. ನೇಕಾರರ ಮನೆಯವರಿಗೆ ಇದೊಂದು ಚಾಳಿ. ಲೋಟವಾಗಲಿ, ಮೊಟ್ಟೆಯಾಗಲಿ, ಗಾಜಿನ ಬಳೆಯಾಗಲಿ, ಊರಿಂದೂರಿಗೆ ಒಯ್ಯಬೇಕಾದರೆ ಮಗ್ಗದಲ್ಲಿ ಉಳಿದ ನೂಲಿನ ಚೂರೊಳಗೆ ಇಡುವುದು. ತೌರಿಂದ ತಂದ ಒಂದು ದಿಂಬಿನ ತುಂಬ ನನ್ನ ಬಳಿ ಅದಿತ್ತು. ಮೊಳಕೆ ಮುರಿಯದ ಹಾಗೆ ಮೇಲೆಯೂ ಒಂದು ಹಿಡಿ ಹೊದಿಸಿದೆ. ಅತ್ತಿಗೆಗೆಂದು ಚೀಲದಲ್ಲಿ ಸಾಮಾನ್ಯ ತಕ್ಕಾಳಿ ತುಂಬಿಕೊಂಡೆ. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ತೊಪ್ಪೂರು ಘಾಟಿನಲ್ಲಿ ಬಸ್ಸು ಓಲಾಡುವಾಗ ಡಬ್ಬಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತೆ. ಪಕ್ಕದವಳು "ಎನ್ನಮ್ಮಾ ಅದು, ಪ್ರಸಾದಮಾ?" ಎಂದು ತಮಿಳಿನಲ್ಲಿ ಕೇಳಿದಳು. ಆಮಾಂ, ಹೌದು, ಅಂದುಬಿಟ್ಟೆ.

ಮನೆ ಬಾಗಿಲ ಮುಂದೆ ನಿಂತಾಗ, ಒಳಗೆ ಹೋಗುವ ಮೊದಲು ಒಂದು ಸಲ ನೋಡಿಬಿಡೋಣ ಅನ್ನಿಸಿತು. ತಿಣ್ಣೆಯ ಮೇಲೆ ಕೂತು ಮುಚ್ಚಳ ತೆಗೆದೆ. ಎಲ್ಲ ಸರಿಯಾಗಿತ್ತು, ಮೊಳಕೆಗಳು ಸ್ವಲ್ಪ ಬಾಡಿದ್ದವು, ಅಷ್ಟೇ. ಮೇಲಿನ ನೂಲನ್ನು ಎತ್ತಿದೆ. ದಾರಿಯುದ್ದಕ್ಕೂ ಅಲುಗಾಡಿ ಆ ಎಳೆಗಳು ಮೊಳಕೆಗಳಿಗೆ ಸುತ್ತಿಕೊಂಡಿದ್ದವು. ನೂಲಿನ ಜೊತೆ ಮೊಳಕೆಗಳೂ ಕಿತ್ತು ಬಂದವು, ಮೊಳಕೆಗಳ ಜೊತೆ ಸಿಪ್ಪೆ ಬಂತು. ಡಬ್ಬಿಯಲ್ಲಿ ರಸ ಮತ್ತು ಬೀಜ ಉಳಿಯಿತು. ಎಳೆ ಹೊಸೆಯುವವಳ ಸೋದರಸೊಸೆಗೆ ನೂಲು ಸಿಕ್ಕಿಕೊಳ್ಳುತ್ತದೆ ಎಂಬ ಬುದ್ಧಿ ಬರಲಿಲ್ಲ. ಡಬ್ಬಿಯನ್ನು ಬೀದಿಯ ಮೇಕೆಯ ಮುಂದೆ ಕವುಚಿದೆ. ಅದು ನೂಲನ್ನು ಬಿಟ್ಟು ಉಳಿದದ್ದನ್ನು ತಿಂದಿತು.

ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ತಲೆ ಬಾಚಿಸಿಕೊಂಡಿದ್ದಳು. ನನ್ನನ್ನು ಕಾಣುತ್ತಲೇ ಬಲಗೈ ಚಾಚಿದಳು. "ಎಲ್ಲೇ?"

"ಕಿತ್ತೋಯ್ತು ಅತ್ತೆ. ಬಾಗ್ಲು ತಾವ ಬಂದು ಕಿತ್ತೋಯ್ತು," ಅಂದೆ. ಬೈಯುತ್ತಾಳೆ, ನೂಲಲ್ಲಿ ಯಾಕೆ ಇಟ್ಟೆ ಅನ್ನುತ್ತಾಳೆ ಅಂದುಕೊಂಡೆ. ಅತ್ತೆ ಚಾಚಿದ ಕೈಯನ್ನು ಒಳಗೆ ತಗೊಳ್ಳಲೇ ಇಲ್ಲ. ಅದು ಹಾಗೇ ಗಾಳಿಯಲ್ಲಿತ್ತು. ನೋಡಲಾಗದೆ ಕೈಯಲ್ಲಿದ್ದ ಚೀಲವನ್ನು ಮಂಚದ ಮೇಲಿಟ್ಟೆ. ಚೀಲ ವಾಲಿ, ಒಂದು ತಕ್ಕಾಳಿ ಉರುಳಿ ಅವಳ ತೊಡೆಗೆ ತಾಗಿ ನಿಂತಿತು.

ಅತ್ತೆ ಅದನ್ನು ಎತ್ತಿಕೊಂಡಳು. ತಿರುಗಿಸಿದಳು. ತೊಟ್ಟಿನ ಹತ್ತಿರ ಹೆಬ್ಬೆರಳಿಟ್ಟು ಒತ್ತಿದಳು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಬಹಳ ಹೊತ್ತಾಯಿತು. ಆಮೇಲೆ ಕಣ್ಣು ಬಿಟ್ಟು ಹೇಳಿದಳು.

"ಅಪ್ರೂಪ."

ಹಾಸ್ಯ ಮಾಡುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದೆ. ಹಾಸ್ಯವಿರಲಿಲ್ಲ.

"ಅತ್ತೆ, ಅದು ಚುಮ್ಮಾ ತಕ್ಕಾಳಿ. ಸಾರಿಗೆ ತಂದಿದ್ದು."

"ನಂಗೆ ಗೊತ್ತಿಲ್ವಾ? ನಾನೇನು ತಕ್ಕಾಳಿ ಕಂಡಿಲ್ದೋಳಾ?" ಅಂದಳು. ಆ ಗಡಸು ಕೇಳಿ ನನಗೆ ಜೀವ ಬಂತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಈಗೆಲ್ಲಿ ಕಾಣ್ತೀನಿ ಏಳು. ಬೆಂದು ಬರ್ತೈತೆ. ರಸ್ದಾಗೆ ನಾಲ್ಗೆಗೆ ಸಿಪ್ಪೆ ಸಿಕ್ಕಿದ್ರೆ, ಓ, ತಕ್ಕಾಳಿ ಆಕವ್ರೆ ಅನ್ಕೊಂತೀನಿ. ಇಂಗೆ ಗುಂಡಗೆ, ತಣ್ಣಗೆ, ಇಡೀದು ಕೈಯಾಗೆ ಇಡ್ದು ಎಷ್ಟು ಕಾಲ ಆಯ್ತೋ."

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅತ್ತಿಗೆಯ ಮುಖ ಚಿಕ್ಕದಾಯಿತು. "ಕೇಳಿದ್ರೆ ನಾನ್ ಕೊಡ್ತಿರ್ಲಿಲ್ವಾ?" ಅಂದಳು.

"ತಕ್ಕಾಳಿ ಕೊಡವ್ವ, ಕೈಯಾಗೆ ಇಡ್ಕೊಂತೀನಿ ಅಂತ ಯಾರಾರ ಕೇಳ್ತಾರಾ?" ಅಂದಳು ಅತ್ತೆ, ಬೇಸರವಿಲ್ಲದೆ.

ನನ್ನ ತಲೆ ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವಳು ಕೈಯಿಟ್ಟಳು. ಬೆರಳುಗಳು ಹಗುರವಾಗಿದ್ದವು, ಚರ್ಮ ಕಾಗದದಂತೆ ಒಣಗಿತ್ತು. ಬದುಕಿಡೀ ಬೇಡಿಕೊಂಡದ್ದು ಸಿಕ್ಕಿತ್ತು. ಅಣ್ಣ ಮನೆಯಲ್ಲಿದ್ದಿದ್ದರೆ ಕರೆದು ತೋರಿಸಬೇಕಾದ ಗೆಲುವು. ನನಗೆ ಮಾತ್ರ ಅದು ಬೇಡವಾಗಿತ್ತು. ನನಗೆ ಹಳೆಯ ಅತ್ತೆ ಬೇಕಾಗಿತ್ತು. ಆ ತಕ್ಕಾಳಿಯನ್ನು ನೆಲಕ್ಕೆ ಕುಕ್ಕಿ, ಮೂಗು ಮುರಿದು, ದಿನಾ ಕಾಣೋದನ್ನ ಇಷ್ಟು ದೂರ ಒತ್ಕೊಂಡು ಬಂದಿದ್ದೀಯಲ್ಲೇ ಎಂದು ಉಗಿಯುವವಳು. ಬೀದಿಯುದ್ದಕ್ಕೂ ಮಗ್ಗದ ಸದ್ದಿನ ನಡುವೆ ಮೊರ ಹಿಡಿದು ನಡೆಯುವವಳು, ಬೇಕಾದಷ್ಟು ಕಂಡಿದ್ದರಿಂದ ಸುಲಭಕ್ಕೆ ಒಪ್ಪದವಳು. ನಾನು ಸೋಲುತ್ತಿದ್ದ ಆ ಹಗಲುಗಳು ಬೇಕಾಗಿದ್ದವು.

ಮಧ್ಯಾಹ್ನದ ಸಾರಿಗೆ ಚೀಲದಲ್ಲಿದ್ದುದನ್ನು ಅತ್ತಿಗೆ ಒಳಗೆ ಒಯ್ದಳು. ಅತ್ತೆಯ ಕೈಯಲ್ಲಿದ್ದುದನ್ನು ಯಾರೂ ಕೇಳಲಿಲ್ಲ. ಊಟ ಮಾಡಿದೆವು. ಅತ್ತೆ ಬೀದಿಯಲ್ಲಿ ಯಾವ ಮನೆಗೆ ಯಾವ ಬಣ್ಣ ಹೊಡೆದಿದ್ದಾರೆ, ಮೇಕೆ ಯಾರದು, ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳುತ್ತ ಹೋದಳು. ನಾನು ಹೇಳುತ್ತ ಹೋದೆ. ಇಳಿಹೊತ್ತಿಗೆ ಹೊರಟು ನಿಂತು, ಅಭ್ಯಾಸಬಲದಿಂದ, ಮುಂದಿನ ಸಲ ಬರುವಾಗ ಏನು ತರಲಿ ಎಂದು ಕೇಳಿದೆ.

"ಏನಾರ ತಕ್ಕೊಂಡ್ ಬಾ," ಅಂದಳು ಅತ್ತೆ.

ಏನಾದರೂ ಸರಿ ಎಂಬ ಮಾತು ಆ ಬಾಯಿಂದ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.